ರಸ್ತೆ ಸವಾರಿಗೆ ಬೂಟು ಆರಿಸುವ ಕ್ರಮ: ಕಾಲನ್ನು ಕಾಯುವ, ಕಾಲಿಗೆ ಒಗ್ಗುವ ಜೋಡಿಗೆ ಸಮಗ್ರ ಮಾರ್ಗದರ್ಶಿ

ಬೈಕ್ ಸವಾರಿಗೆಂದು ಕೊಂಡ ಬೂಟುಗಳ ಬಗ್ಗೆ ನನ್ನ ಬಳಿಗೆ ಬರುವ ದೂರುಗಳು ಎರಡೇ ಬಗೆಯವು. ಬೂಟು ಗಟ್ಟಿಮುಟ್ಟಾಗಿದೆ, ಆದರೆ ಅರ್ಧ ಗಂಟೆ ಹಾಕಿಕೊಂಡರೆ ಕಾಲು ನೋಯುತ್ತದೆ, ಆದ್ದರಿಂದ ಅದು ಕಪಾಟು ಸೇರಿದೆ, ಸವಾರಿ ಹಳೆಯ ಕ್ಯಾನ್ವಾಸ್ ಶೂಗಳಲ್ಲೇ ನಡೆಯುತ್ತಿದೆ ಎಂಬುದು ಒಂದು. ಬೂಟು ಬಹಳ ಹಿತವಾಗಿತ್ತು, ಆದರೆ ನಿಂತ ಬೈಕ್ ಕಾಲಿನ ಮೇಲೆ ಒರಗಿದಾಗ ಬಟ್ಟೆಯ ಶೂ ತಡೆಯುವಷ್ಟನ್ನೂ ತಡೆಯಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಮೂಲ ಒಂದೇ, ಆಯ್ಕೆಯ ಕ್ರಮ ತಲೆಕೆಳಗಾಗಿರುವುದು. ಮೊದಲು ನೋಟ, ಆಮೇಲೆ ಸೈಜಿನ ಸಂಖ್ಯೆ, ನಂತರ ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡಿಗೆ, ಅಷ್ಟಕ್ಕೆ ಖರೀದಿ ಮುಗಿದಿರುತ್ತದೆ.

ಸರಿಯಾದ ಕ್ರಮ ಬೇರೆಯೇ ಇದೆ. ಪಾದದ ಅಳತೆ ಮನೆಯಲ್ಲೇ ಆಗಬೇಕು. ರಕ್ಷಣೆಯ ಪರೀಕ್ಷೆಯಲ್ಲಿ ಸೋತ ಬೂಟುಗಳನ್ನು ಕಾಲಿಗೆ ಹಾಕುವ ಮೊದಲೇ ಬದಿಗಿಡಬೇಕು. ಗೆದ್ದವುಗಳಲ್ಲಿ ಮಾತ್ರ ಹಿತವಾದುದನ್ನು ಹುಡುಕಬೇಕು, ಆ ಹಿತವನ್ನು ನಡೆದು ನೋಡಿಯಲ್ಲ, ಸವಾರಿಯ ಭಂಗಿಯಲ್ಲಿ ಕುಳಿತು ಅಳೆಯಬೇಕು. ಬಣ್ಣ ಮತ್ತು ನೋಟ ಕೊನೆಯ ಸುತ್ತಿಗೆ ಉಳಿಯಲಿ.

## ಮೊದಲೇ ಹೊಂದಿಸಿಕೊಳ್ಳಬೇಕಾದವು

ಎರಡು ಹಾಳೆ, ಪೆನ್ಸಿಲ್, ಸ್ಕೇಲ್, ದರ್ಜಿಗಳು ಬಳಸುವಂಥ ಅಳತೆ ಟೇಪು, ಸವಾರಿಗೆ ಹಾಕುವ ಕಾಲುಚೀಲ, ಸವಾರಿಗೆ ತೊಡುವ ಪ್ಯಾಂಟು, ಇಷ್ಟು ಸಾಕು. ಕೊನೆಯ ಎರಡನ್ನು ಅಂಗಡಿಗೂ ಒಯ್ಯಬೇಕು. ತೆಳುವಾದ ಕಾಲುಚೀಲದಲ್ಲಿ ಸರಿಹೋದ ಬೂಟು ದಪ್ಪ ಕಾಲುಚೀಲದಲ್ಲಿ ಬಿಗಿಯಾಗುತ್ತದೆ, ಮತ್ತು ಪ್ಯಾಂಟಿನ ಮೊಣಕಾಲು ಪ್ಯಾಡು ಉದ್ದದ ಬೂಟಿನ ಮೇಲಂಚಿಗೆ ತಗಲುತ್ತದೆಯೇ ಎಂಬುದು ಎರಡನ್ನೂ ಒಟ್ಟಿಗೆ ತೊಟ್ಟಾಗಲೇ ಗೊತ್ತಾಗುತ್ತದೆ.

## ಹಂತ 1: ಪಾದವನ್ನು ಸಂಜೆ ಅಳೆಯಿರಿ

ದಿನವಿಡೀ ನಿಂತು ಓಡಾಡಿದ ಪಾದ ಸಂಜೆಯ ಹೊತ್ತಿಗೆ ಸ್ವಲ್ಪ ಊದಿಕೊಂಡಿರುತ್ತದೆ. ದೀರ್ಘ ಸವಾರಿಯ ಕೊನೆಯಲ್ಲೂ ಅದು ಅದೇ ಸ್ಥಿತಿಯಲ್ಲಿರುವುದರಿಂದ ಬೆಳಗಿನ ಅಳತೆಯನ್ನು ನಂಬುವಂತಿಲ್ಲ. ಕಾಲುಚೀಲ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತುಕೊಳ್ಳಿ. ಅತಿ ಉದ್ದದ ಬೆರಳಿನ ತುದಿಯಲ್ಲಿ ಗುರುತು ಹಾಕಿ, ಗೋಡೆಯಿಂದ ಅಲ್ಲಿಯವರೆಗಿನ ದೂರವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಅನೇಕರಿಗೆ ಅದರ ಪಕ್ಕದ ಬೆರಳು ಮುಂದಿರುತ್ತದೆ. ಪೆನ್ಸಿಲ್ ನೆಟ್ಟಗೆ ನಿಂತಿರಲಿ. ಅದು ಒಳಕ್ಕೆ ವಾಲಿದರೆ ಮೂರು ನಾಲ್ಕು ಮಿಲಿಮೀಟರ್ ಕಳೆದುಹೋಗುತ್ತದೆ.

ಎರಡೂ ಪಾದಗಳನ್ನು ಅಳೆದು, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬೆರಳುಗಳ ಬುಡದಲ್ಲಿ ಪಾದ ಅತ್ಯಂತ ಅಗಲವಾಗಿರುವ ಜಾಗದ ಸುತ್ತಳತೆಯನ್ನೂ, ಉದ್ದದ ಬೂಟು ಬೇಕೆಂದಿದ್ದರೆ ಮೀನಖಂಡದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಮೀನಖಂಡ ಅಳೆಯುವವರು ಕಡಮೆ, ಮೇಲಿನ ಪಟ್ಟಿ ಮುಚ್ಚದೆ ಬೂಟು ವಾಪಸು ಕಳಿಸುವವರು ಹೆಚ್ಚು.

ಸೈಜಿನ ಸಂಖ್ಯೆಗಿಂತ ಮಿಲಿಮೀಟರಿನ ಅಳತೆ ಮೇಲು ಎನ್ನಲು ಕಾರಣವಿದೆ. ಯೂರೋಪಿನ ಸೈಜಿನಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಸುಮಾರು 6.7 ಮಿ.ಮೀ. ಅಂತರ, ಬ್ರಿಟಿಷ್ ಸೈಜಿನಲ್ಲಿ ಸುಮಾರು 8.5 ಮಿ.ಮೀ. ಆದ್ದರಿಂದ ಒಂದನ್ನು ಇನ್ನೊಂದಕ್ಕೆ ಬದಲಿಸುವ ಪಟ್ಟಿಗಳೆಲ್ಲ ಅಂದಾಜಿನವು. ತಯಾರಕರು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಕೊಟ್ಟಿದ್ದರೆ ಅದನ್ನೇ ನೋಡಿ, ಆಫೀಸು ಶೂವಿನ ಸಂಖ್ಯೆಯನ್ನು ಮರೆತುಬಿಡಿ.

## ಹಂತ 2: ಯಾವ ಎತ್ತರ, ಯಾವ ಬಗೆ ಎಂದು ನಿರ್ಧರಿಸಿ

ರಸ್ತೆ ಸವಾರಿಗೆ ಸಿಗುವ ಬೂಟುಗಳನ್ನು ಎತ್ತರದ ಲೆಕ್ಕದಲ್ಲಿ ಮೂರಾಗಿ ನೋಡಬಹುದು. ಕಾಲ್ಗಿಣ್ಣನ್ನಷ್ಟೇ ಮುಚ್ಚುವ ಗಿಡ್ಡ ಬೂಟು, ಕಣಕಾಲಿನ ಅರ್ಧದವರೆಗೆ ಬರುವ ನಡು ಎತ್ತರದ್ದು, ಮೊಣಕಾಲಿನ ಕೆಳಗಿನವರೆಗೆ ಬರುವ ಟೂರಿಂಗ್ ಬೂಟು. ಊರೊಳಗೆ ಓಡಾಡಿ, ಇಳಿದ ಮೇಲೆ ಮೆಟ್ಟಿಲು ಹತ್ತಿ ದಿನವಿಡೀ ಅದರಲ್ಲೇ ಇರುವವರಿಗೆ ಗಿಡ್ಡದ್ದು ಅಥವಾ ನಡು ಎತ್ತರದ್ದು ಒಗ್ಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋಗುವವರು ಕಣಕಾಲಿನ ಮೂಳೆಯನ್ನೂ ಮುಚ್ಚುವ ಬೂಟನ್ನೇ ಹುಡುಕುವುದು ಒಳ್ಳೆಯದು. ಕನಿಷ್ಠ ಮಿತಿ ಒಂದೇ. ಕಾಲ್ಗಿಣ್ಣಿನ ಎರಡೂ ಬದಿಯ ಉಬ್ಬು ಮೂಳೆಗಳು ಪೂರ್ತಿ ಒಳಗಿರಬೇಕು. ಅದಕ್ಕಿಂತ ಕೆಳಗಿನದನ್ನು ಏನೆಂದು ಕರೆದು ಮಾರಿದರೂ ಅದು ಸವಾರಿಯ ಬೂಟಲ್ಲ.

ರೇಸಿಂಗ್ ಬೂಟುಗಳು ನಡಿಗೆಗೆ ತೀರಾ ಬಿರುಸು. ಮಣ್ಣಿನ ಹಾದಿಯ ಮೋಟೊಕ್ರಾಸ್ ಬೂಟುಗಳಲ್ಲಿ ಗೇರ್ ಲಿವರ್ ಎಲ್ಲಿದೆ ಎಂಬುದೇ ಕಾಲಿಗೆ ತಿಳಿಯುವುದಿಲ್ಲ. ರಸ್ತೆಗೆಂದು ಮಾತ್ರ ಬೂಟು ಬೇಕಿದ್ದರೆ ಎರಡನ್ನೂ ಬಿಟ್ಟುಬಿಡಿ.

ಇಲ್ಲಿ ಬಹಳ ಜನ ಎಡವುವುದು ಕಾರ್ಖಾನೆಯ ಸೇಫ್ಟಿ ಶೂ ವಿಚಾರದಲ್ಲಿ. ಬೆರಳುಗಳ ಮೇಲೆ ಉಕ್ಕಿನ ಟೊಪ್ಪಿ ಇದೆ, ಇನ್ನೇನು ಬೇಕು ಎಂದು ಕೇಳುತ್ತಾರೆ. ಸೇಫ್ಟಿ ಬೂಟುಗಳ ಐಎಸ್‌ಒ 20345 ಮಾನದಂಡದಲ್ಲಿ ಆ ಟೊಪ್ಪಿಯನ್ನು 200 ಜೌಲ್ ಹೊಡೆತಕ್ಕೆ ಪರೀಕ್ಷಿಸುತ್ತಾರೆ ನಿಜ, ಆದರೆ ಅದು ಮೇಲಿನಿಂದ ಬೀಳುವ ವಸ್ತುವಿನಿಂದ ಬೆರಳುಗಳನ್ನು ಕಾಯಲೆಂದು ಇರುವುದು. ಬೈಕಿನಿಂದ ಬಿದ್ದಾಗ ಕಾಲಿಗೆ ಒದಗುವ ಕಷ್ಟ ಬೇರೆ. ಡಾಂಬರಿನ ಮೇಲೆ ಉಜ್ಜುವಿಕೆ, ಪಾದ ತಿರುಚಿಕೊಳ್ಳುವುದು, ಬೈಕಿನ ಭಾರ ಅಡ್ಡಲಾಗಿ ಅಮುಕುವುದು, ಈ ಮೂರರಲ್ಲಿ ಒಂದಕ್ಕೂ ಆ ಟೊಪ್ಪಿ ಉತ್ತರವಲ್ಲ. ಸಾಲದ್ದಕ್ಕೆ ಅದರ ದಪ್ಪದಿಂದಾಗಿ ಬೂಟಿನ ಮೂತಿ ಗೇರ್ ಲಿವರಿನ ಕೆಳಗೆ ಸಲೀಸಾಗಿ ಹೋಗುವುದಿಲ್ಲ. ಚಾರಣದ ಬೂಟುಗಳು ಕಾಲ್ಗಿಣ್ಣನ್ನು ಚೆನ್ನಾಗಿಯೇ ಹಿಡಿದಿಡುತ್ತವೆ, ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಗಿಣ್ಣಿಗೆ ಗಟ್ಟಿ ಕವಚವಿರುವುದಿಲ್ಲ, ಲೇಸಿನ ಕೊಕ್ಕೆಗಳು ಬೇರೆ ಹೊರಕ್ಕೆ ಚಾಚಿಕೊಂಡಿರುತ್ತವೆ.

## ಹಂತ 3: ಒಳಗಿನ ಗುರುತನ್ನು ಓದಿ

ಮೋಟಾರ್ ಸೈಕಲ್ ಸವಾರರ ಪಾದರಕ್ಷೆಗೆ ಯೂರೋಪಿನ ಮಾನದಂಡ ಇಎನ್ 13634. ಆ ಪರೀಕ್ಷೆಗೆ ಒಳಗಾದ ಬೂಟಿನ ನಾಲಿಗೆಯ ಹಿಂಬದಿಯಲ್ಲೋ ಮೇಲಂಚಿನ ಒಳಗೋ ಬೈಕ್ ಸವಾರನ ಪುಟ್ಟ ಚಿತ್ರ, ಅದರ ಜೊತೆಗೆ ಮಾನದಂಡದ ಸಂಖ್ಯೆ, ಕೆಳಗೆ ನಾಲ್ಕು ಅಂಕಿಗಳು ಇರುತ್ತವೆ. ಪ್ರತಿಯೊಂದು ಅಂಕಿ 1 ಅಥವಾ 2 ಆಗಿರುತ್ತದೆ, 2 ಎಂದರೆ ಮೇಲಿನ ಮಟ್ಟ. ಕ್ರಮವಾಗಿ ಅವು ಸೂಚಿಸುವುದು ಬೂಟಿನ ಎತ್ತರ, ಉಜ್ಜುವಿಕೆಗೆ ತಾಳಿಕೆ, ಹರಿತವಾದುದು ಕೊಯ್ಯುವುದಕ್ಕೆ ತಾಳಿಕೆ, ಅಡ್ಡಲಾಗಿ ಅಮುಕಿದರೆ ಅಟ್ಟೆ ತೋರುವ ಗಡಸು.

ಮೊದಲ ಅಂಕಿ ಎತ್ತರವನ್ನಷ್ಟೇ ಹೇಳುತ್ತದೆ, ಆದ್ದರಿಂದ ಗಿಡ್ಡ ಬೂಟಿನಲ್ಲಿ ಅದು 1 ಇದ್ದರೆ ಅದೇನೂ ಕೊರತೆಯಲ್ಲ. ನನ್ನ ಕಣ್ಣು ಮೊದಲು ಹೋಗುವುದು ನಾಲ್ಕನೆಯದಕ್ಕೆ. ಊರೊಳಗಿನ ಸವಾರಿಯಲ್ಲಿ ನಿಧಾನ ವೇಗದಲ್ಲಿ ಬೈಕ್ ಕಾಲಿನ ಮೇಲೆ ಮಗುಚುವ ಸಂದರ್ಭವೇ ಹೆಚ್ಚು, ಅಲ್ಲಿ ಪಾದವನ್ನು ಉಳಿಸುವುದು ಆ ಅಡ್ಡ ಗಡಸು.

ಅಂಕಿಗಳ ಪಕ್ಕದಲ್ಲಿ ರೋಮನ್ ಅಕ್ಷರಗಳೂ ಇರಬಹುದು. ಐಪಿಎ ಎಂದರೆ ಕಾಲ್ಗಿಣ್ಣಿನ ಹೊಡೆತ ತಡೆಯುವ ಕವಚ, ಐಪಿಎಸ್ ಎಂದರೆ ಕಣಕಾಲಿಗೆ ಅಂಥದೇ ಕವಚ, ಡಬ್ಲ್ಯೂಆರ್ ಎಂದರೆ ನೀರು ತಡೆ, ಎಫ್‌ಒ ಎಂದರೆ ಇಂಧನ ತಾಗಿದರೂ ಕೆಡದ ಅಟ್ಟೆ. ಇವೆಲ್ಲ ಐಚ್ಛಿಕ ಪರೀಕ್ಷೆಗಳು. ಅಂದರೆ ಮಾನದಂಡ ಪಾಸಾದ ಬೂಟಿನಲ್ಲೂ ಗಿಣ್ಣಿನ ಕವಚ ಪರೀಕ್ಷೆಗೆ ಒಳಗಾಗಿರಲೇಬೇಕೆಂದಿಲ್ಲ. ಯೂರೋಪಿನ ನಿಯಮಗಳಿಗೆ ಹೊಂದುತ್ತದೆ ಎನ್ನುವ ಸಿಇ ಗುರುತು ಮಾತ್ರ ಇದೆ, ಸವಾರನ ಚಿತ್ರವೂ ಇಲ್ಲ, ಮಾನದಂಡದ ಸಂಖ್ಯೆಯೂ ಇಲ್ಲ ಎಂದಾದರೆ ಅದು ಎಚ್ಚರಿಕೆಯ ಚಿಹ್ನೆ. ‘ಸಿಇ ಗುಣಮಟ್ಟದ ಪ್ಯಾಡ್’ ಎಂಬ ಮಾತು ಒಳಗಿನ ಪ್ಯಾಡಿಗೆ ಮಾತ್ರ ಸಂಬಂಧಿಸಿದ್ದು, ಇಡೀ ಬೂಟಿಗಲ್ಲ.

## ಹಂತ 4: ಕಾಲಿಗೆ ಹಾಕುವ ಮೊದಲು ಕೈಯಿಂದ ಪರೀಕ್ಷಿಸಿ

ಗುರುತು ಇದ್ದರೂ ಇಲ್ಲದಿದ್ದರೂ ಈ ಹಂತವನ್ನು ಬಿಡಬಾರದು. ಐದು ನಿಮಿಷದ ಕೆಲಸ, ಮತ್ತು ಅಂಗಡಿಯಲ್ಲಿರುವ ಅರ್ಧ ಬೂಟುಗಳು ಇಲ್ಲೇ ಉದುರಿಹೋಗುತ್ತವೆ.

ಬೂಟಿನ ಮುಂಭಾಗ ಅತ್ಯಂತ ಅಗಲವಾಗಿರುವಲ್ಲಿ ಅಟ್ಟೆಯ ಎರಡು ಅಂಚುಗಳನ್ನು ಅಂಗೈಗಳ ನಡುವೆ ಇಟ್ಟು ಬಲವಾಗಿ ಅಮುಕಿ. ಅಟ್ಟೆ ಮಡಚಿಕೊಂಡು ನಡುವೆ ಉಬ್ಬಿದರೆ ಬೈಕಿನ ಭಾರದ ಕೆಳಗೂ ಅದು ಹಾಗೆಯೇ ಮಡಚುತ್ತದೆ, ಒಳಗಿರುವ ಪಾದವೂ ಅದರ ಜೊತೆಗೇ. ಆಮೇಲೆ ಹಿಮ್ಮಡಿಯನ್ನು ಒಂದು ಕೈಯಲ್ಲಿ, ಮೂತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸ್ವಲ್ಪ ಮಣಿಯಬಹುದು, ಪೂರ್ತಿ ಸುತ್ತಿಕೊಳ್ಳಬಾರದು. ಮೂತಿಯನ್ನು ಮೇಲಕ್ಕೆ ಬಾಗಿಸಿದಾಗ ಬೆರಳುಗಳ ಬುಡದ ಗೆರೆಯಲ್ಲಿ ಬಾಗಬೇಕು. ಅಂಗಾಲಿನ ಕಮಾನಿನ ಜಾಗದಲ್ಲಿ ಮಡಚಿದರೆ ಅಟ್ಟೆಯೊಳಗೆ ಗಡಸು ಪಟ್ಟಿ ಇಲ್ಲವೆಂದು ಅರ್ಥ, ಸವಾರ ಪಾದವಿಡುವ ಫುಟ್‌ಪೆಗ್ ಒತ್ತುವುದು ಅದೇ ಜಾಗದಲ್ಲಿ.

ಹಿಮ್ಮಡಿಯ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೂಟಿನೊಳಗೆ ಕೈ ಹಾಕಿ ಕಾಲ್ಗಿಣ್ಣಿನ ಕವಚ ಹುಡುಕಿ. ಬರೀ ಮೆತ್ತನೆಯ ಸ್ಪಂಜು ಸಿಕ್ಕಿದರೆ ಅದು ಹಿತಕ್ಕೆ ಇಟ್ಟದ್ದು, ರಕ್ಷಣೆಗಲ್ಲ. ಅನೇಕ ಬೂಟುಗಳಲ್ಲಿ ಹೊರಬದಿಯ ಗಿಣ್ಣಿಗೆ ಮಾತ್ರ ಕವಚವಿದ್ದು ಒಳಬದಿ ಖಾಲಿಯಿರುತ್ತದೆ. ಬೈಕ್ ಮೈಮೇಲೆ ಬಿದ್ದಾಗ ಎಂಜಿನ್ ತಾಗುವುದು ಒಳಬದಿಗೆ ಎಂಬುದು ನೆನಪಿರಲಿ.

ಕೊನೆಗೆ ಹೊಲಿಗೆ. ಬಿದ್ದಾಗ ರಸ್ತೆಗೆ ಮೊದಲು ತಾಗುವುದು ಕಿರುಬೆರಳಿನ ಪಕ್ಕ, ಹೊರ ಗಿಣ್ಣು ಮತ್ತು ಹಿಮ್ಮಡಿಯ ಹೊರಭಾಗ. ಈ ಮೂರು ಕಡೆ ಒಂದೇ ಸಾಲಿನ ಹೊಲಿಗೆ ಹೊರಕ್ಕೆ ತೆರೆದುಕೊಂಡಿದ್ದರೆ ಚರ್ಮ ಎಷ್ಟೇ ದಪ್ಪವಿದ್ದರೂ ನೂಲು ಸವೆದು ಬೂಟು ಬಿಚ್ಚಿಕೊಳ್ಳುತ್ತದೆ. ಎರಡು ಮೂರು ಸಾಲಿನ ಹೊಲಿಗೆ, ಅಥವಾ ಮೇಲೆ ಇನ್ನೊಂದು ಪದರ ಮುಚ್ಚಿರುವ ಹೊಲಿಗೆ ಇರಬೇಕು.

## ಹಂತ 5: ಕಟ್ಟುವ ವ್ಯವಸ್ಥೆಯನ್ನು ಅನುಮಾನದಿಂದ ನೋಡಿ

ಈ ಹಂತದಲ್ಲಿ ನಾನು ಕಟುವಾಗಿರಲು ಸ್ವಂತ ಅನುಭವವೇ ಕಾರಣ. ಲೇಸಿನ ಬೂಟು ಹಾಕಿಕೊಂಡು ಒಂದು ಸಿಗ್ನಲಿನಲ್ಲಿ ನಿಲ್ಲಿಸುವಾಗ ಬಲಗಾಲನ್ನು ನೆಲಕ್ಕೆ ಇಳಿಸಲು ಹೋದೆ, ಕಾಲು ಬರಲಿಲ್ಲ. ಸಡಿಲವಾಗಿದ್ದ ಲೇಸಿನ ಕುಣಿಕೆ ಬ್ರೇಕ್ ಪೆಡಲಿನ ತುದಿಗೆ ಸಿಕ್ಕಿಕೊಂಡಿತ್ತು. ಬೈಕ್ ನಿಧಾನವಾಗಿ, ನಾನು ನೋಡುತ್ತಿರುವಂತೆಯೇ ಬಲಕ್ಕೆ ವಾಲಿ ಮಲಗಿತು. ವೇಗ ಸೊನ್ನೆ, ಆದರೂ ಗಿಣ್ಣು ಊದಿಕೊಂಡು ವಾರವಿಡೀ ಕುಂಟಬೇಕಾಯಿತು. ತಪ್ಪು ಬೂಟಿನದಲ್ಲ, ಲೇಸಿನ ತುದಿಯನ್ನು ಒಳಗೆ ಸಿಕ್ಕಿಸದ ನನ್ನದೇ.

ಲೇಸು ಕೆಟ್ಟದ್ದಲ್ಲ. ಪಾದದ ಆಕಾರಕ್ಕೆ ಅಷ್ಟು ನಿಖರವಾಗಿ ಬಿಗಿಯಾಗುವ ವ್ಯವಸ್ಥೆ ಬೇರೊಂದು ಇಲ್ಲ. ಆದರೆ ಅದರ ಮೇಲೆ ಮುಚ್ಚಳವೋ, ತುದಿಯನ್ನು ಸಿಕ್ಕಿಸುವ ಎಲಾಸ್ಟಿಕ್ ಕುಣಿಕೆಯೋ ಇರಲೇಬೇಕು. ಜಿಪ್ಪು ಇದ್ದರೆ ಅದು ಕಾಲಿನ ಒಳಬದಿಯಲ್ಲಿದ್ದು, ಮೇಲೆ ವೆಲ್ಕ್ರೋ ಮುಚ್ಚಳ ಬರಬೇಕು. ಹೊರಬದಿಯಲ್ಲಿ ತೆರೆದಿರುವ ಜಿಪ್ಪು ರಸ್ತೆಗೆ ಉಜ್ಜಿದರೆ ಹಲ್ಲು ಬಿಡುತ್ತದೆ. ಜಿಪ್ಪೊಂದನ್ನೇ ನಂಬಿದ ಬೂಟು ಬೇಡ, ಗಿಣ್ಣಿನ ಮೇಲೆ ಅಡ್ಡ ಹಾಯುವ ಒಂದು ಪಟ್ಟಿಯಾದರೂ ಜೊತೆಗಿರಲಿ. ಬಕಲುಗಳು ಗಟ್ಟಿ, ಆದರೆ ಹಾಕಿ ಬಿಚ್ಚುವುದು ನಿಧಾನ. ದಿನಕ್ಕೆ ನಾಲ್ಕು ಸಲ ಬಿಚ್ಚುವವರು ನಾಲ್ಕನೆಯ ದಿನದಿಂದ ಅವುಗಳನ್ನು ಅರೆಬರೆ ಹಾಕಲು ಶುರುಮಾಡುತ್ತಾರೆ.

## ಹಂತ 6: ಕಾಲಿಗೆ ಹಾಕಿ ಅರ್ಧ ಗಂಟೆ ಬಿಡಿ

ಮೇಲಿನ ಪರೀಕ್ಷೆಗಳಲ್ಲಿ ಗೆದ್ದ ಎರಡು ಮೂರು ಜೋಡಿಗಳನ್ನು ಈಗ ಹಾಕಿ ನೋಡಬಹುದು. ಎರಡೂ ಕಾಲಿಗೆ ಹಾಕಿ, ಪಟ್ಟಿಗಳನ್ನೆಲ್ಲ ಪೂರ್ತಿ ಬಿಗಿದು ನಿಂತುಕೊಳ್ಳಿ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಬೇಕು. ಇದನ್ನು ಹೊರಗಿನಿಂದ ಒತ್ತಿ ತಿಳಿಯಲಾಗದು, ಏಕೆಂದರೆ ಸವಾರಿ ಬೂಟಿನ ಮೂತಿ ಗಡಸು. ಒಳಗಿನ ಇನ್‌ಸೋಲ್ ಹೊರತೆಗೆದು ಅದರ ಮೇಲೆ ಪಾದವಿಟ್ಟು ನೋಡಿದರೆ ಉದ್ದವೂ ಅಗಲವೂ ಕಣ್ಣಿಗೇ ಕಾಣುತ್ತವೆ. ಪಾದ ಇನ್‌ಸೋಲಿನ ಅಂಚು ದಾಟಿ ಹೊರಚಾಚಿದರೆ ಆ ಬೂಟು ನಿಮ್ಮದಲ್ಲ.

ಮಂಡಿ ಬಗ್ಗಿಸಿ ಮುಂದಕ್ಕೆ ಬಾಗಿದಾಗ ಹಿಮ್ಮಡಿ ಸ್ವಲ್ಪ ಎದ್ದರೆ ಪರವಾಗಿಲ್ಲ, ಪ್ರತಿ ಹೆಜ್ಜೆಗೂ ಜಾರಿದರೆ ಒಂದು ಸೈಜು ಕಡಮೆ ಮಾಡಬೇಕು. ಗಿಣ್ಣಿನ ಮೂಳೆ ಕವಚದ ಬಟ್ಟಲಿನ ನಟ್ಟನಡುವೆ ಕೂತಿದೆಯೇ ಎಂದೂ ಗಮನಿಸಿ. ಕವಚದ ಅಂಚು ಮೂಳೆಯ ಮೇಲೇ ಬಂದರೆ ಹತ್ತು ಕಿಲೋಮೀಟರಿನೊಳಗೆ ಚರ್ಮ ಕೆಂಪಾಗುತ್ತದೆ, ಮತ್ತು ಅದು ಕಾಲಕ್ರಮೇಣ ಸರಿಹೋಗುವಂಥದ್ದಲ್ಲ.

ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬ ಗೊಂದಲದಲ್ಲೇ ಹೆಚ್ಚಿನ ಖರೀದಿಗಳು ಕೆಡುತ್ತವೆ. ಚರ್ಮ ಅಗಲದಲ್ಲಿ ಹಿಗ್ಗುತ್ತದೆ, ಪಾದದ ಮೇಲ್ಭಾಗದ ಬಿಗಿತ ಸಡಿಲುತ್ತದೆ, ಬಾಗುವಲ್ಲಿನ ಬಿರುಸು ಇಳಿಯುತ್ತದೆ. ಉದ್ದ ಮಾತ್ರ ಎಂದೂ ಹೆಚ್ಚುವುದಿಲ್ಲ, ಪ್ಲಾಸ್ಟಿಕ್ ಕವಚದ ಜಾಗವೂ ಬದಲಾಗುವುದಿಲ್ಲ. ನೀರು ತಡೆಯುವ ಪದರವಿರುವ ಬೂಟುಗಳು ಅಗಲದಲ್ಲೂ ಬಹಳ ಕಡಮೆ ಹಿಗ್ಗುತ್ತವೆ. ಆದ್ದರಿಂದ ಎಲ್ಲೆಡೆ ಸಮನಾದ ಬಿಗಿತವಿದ್ದರೆ ಒಪ್ಪಿಕೊಳ್ಳಬಹುದು. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವಾದರೆ ಬಿಡಬೇಕು. ಬೆರಳು ಜುಮ್ಮೆನ್ನತೊಡಗಿದರಂತೂ ತಕ್ಷಣ ಬಿಚ್ಚಿ.

ಇನ್ನೊಂದು ಪರೀಕ್ಷೆಗೆ ಜೊತೆಗಾರರೊಬ್ಬರು ಬೇಕು. ಕುರ್ಚಿಯಲ್ಲಿ ಕುಳಿತು, ಪಟ್ಟಿಗಳನ್ನು ಬಿಗಿದ ಬೂಟಿನ ಹಿಮ್ಮಡಿಯನ್ನು ಅವರಿಂದ ಬಲವಾಗಿ ಎಳೆಸಿ. ಬೂಟು ಕಳಚಿ ಬಂದರೆ ಬೀಳುವಾಗಲೂ ಕಳಚುತ್ತದೆ, ಆಗ ಅದರ ಗುಣವೇನಿದ್ದರೂ ಕಾಲಿಗೆ ಪ್ರಯೋಜನವಿಲ್ಲ.

## ಹಂತ 7: ಬೈಕಿನ ಮೇಲೆ ಕುಳಿತು ನೋಡಿ

ನಡೆಯುವಾಗ ಪಾದ ಮತ್ತು ಕಣಕಾಲು ಹೆಚ್ಚುಕಡಮೆ ಲಂಬಕೋನದಲ್ಲಿರುತ್ತವೆ. ಸವಾರಿಯಲ್ಲಿ ಮಂಡಿ ಮಡಚಿ, ಕಣಕಾಲು ಮುಂದಕ್ಕೆ ವಾಲಿ, ಆ ಕೋನ ಕಿರಿದಾಗುತ್ತದೆ. ಬೂಟಿನ ನಾಲಿಗೆ ಕಾಲಿನ ಮುಂಭಾಗವನ್ನು ಒತ್ತುವುದು, ಹಿಂದಿನ ಮೇಲಂಚು ಮೀನಖಂಡವನ್ನು ಕೊರೆಯುವುದು ಈ ಭಂಗಿಯಲ್ಲೇ. ಬೈಕಿನವರೆಗೆ ಬೂಟು ಒಯ್ಯಲು ಅಂಗಡಿಯವರು ಒಪ್ಪದಿದ್ದರೆ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು ಹತ್ತು ನಿಮಿಷ ಹಾಗೆಯೇ ಇರಿ.

ಬೈಕ್ ಸಿಕ್ಕಿದರೆ ಎಂಜಿನ್ ಆರಿಸಿ, ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಈ ಕ್ರಮದಲ್ಲಿ ನೋಡಿ. ಬೂಟಿನ ಮೂತಿ ಗೇರ್ ಲಿವರಿನ ಕೆಳಗೆ ತಡೆಯಿಲ್ಲದೆ ಹೋಗಿ ಬರಬೇಕು. ಪ್ರತಿ ಸಲವೂ ಪಾದವನ್ನು ಪೆಗ್‌ನಿಂದ ಎತ್ತಬೇಕಾದರೆ ಸಂಜೆಗೆ ಕಣಕಾಲು ಸೋಲುತ್ತದೆ. ಅನೇಕ ಬೈಕುಗಳಲ್ಲಿ ಲಿವರಿನ ಎತ್ತರವನ್ನು ಸ್ವಲ್ಪ ಏರಿಸಬಹುದು, ಆದ್ದರಿಂದ ಕೆಲವೇ ಮಿಲಿಮೀಟರಿನ ಕೊರತೆಗಾಗಿ ಒಳ್ಳೆಯ ಬೂಟನ್ನು ಬಿಡಬೇಕಾಗಿಲ್ಲ, ಮೆಕ್ಯಾನಿಕ್‌ನಿಂದ ಹೊಂದಿಸಿಕೊಳ್ಳಬಹುದು. ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟು ಅದು ಬಿಗಿಯಾಗುವ ಕ್ಷಣ ಅಂಗಾಲಿಗೆ ತಿಳಿಯುತ್ತದೆಯೇ ನೋಡಿ. ಅಟ್ಟೆ ಅತಿಯಾಗಿ ದಪ್ಪವಿದ್ದರೆ ಒತ್ತಿದ್ದೆಷ್ಟು ಎಂದು ತಿಳಿಯದೆ ಹಿಂಚಕ್ರ ಜಾಮ್ ಆಗುವ ಅಪಾಯವಿದೆ. ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ಹಾಕಿ ತೆಗೆಯಿರಿ. ಎರಡೂ ಪಾದ ನೆಲಕ್ಕೂರಿ ಬೈಕನ್ನು ಹಿಂದಕ್ಕೆ ತಳ್ಳಿ, ಅಟ್ಟೆ ಜಾರಬಾರದು.

## ಹಂತ 8: ಮಳೆಯೋ ಸೆಕೆಯೋ, ಒಂದನ್ನು ಆರಿಸಿಕೊಳ್ಳಿ

ಎರಡನ್ನೂ ಪೂರ್ತಿ ನಿಭಾಯಿಸುವ ಬೂಟನ್ನು ನಾನಿನ್ನೂ ಕಂಡಿಲ್ಲ. ಗೋರ್-ಟೆಕ್ಸ್‌ನಂಥ ಪದರವಿರುವ ಬೂಟು ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುತ್ತದೆ, ಆದರೆ ಬಿಸಿಲಿನಲ್ಲಿ ಅದು ತೂತುಗಳಿರುವ ಬೂಟಿನಷ್ಟು ತಂಪಾಗಿರದು. ತೂತುಗಳ ಬೂಟು ಸೆಕೆಗೆ ಸುಖ, ಮಳೆ ಬಂದರೆ ಐದೇ ನಿಮಿಷದಲ್ಲಿ ಕಾಲುಚೀಲ ಒದ್ದೆ. ವರ್ಷದಲ್ಲಿ ಹೆಚ್ಚು ದಿನ ಯಾವ ಹವೆಯಲ್ಲಿ ಓಡಿಸುತ್ತೀರೋ ಅದಕ್ಕೆ ತಕ್ಕದ್ದನ್ನು ಕೊಳ್ಳಿ, ಉಳಿದ ದಿನಗಳಿಗೆ ಬೂಟಿನ ಮೇಲೆ ಹಾಕುವ ಮಳೆಗವಚ ಇಟ್ಟುಕೊಳ್ಳಿ. ಬೂಟು ಸೋರುತ್ತಿದೆ ಎಂದು ದೂರುವವರಲ್ಲಿ ಅನೇಕರ ಬೂಟು ಸೋರುತ್ತಿರುವುದಿಲ್ಲ, ಪ್ಯಾಂಟನ್ನು ಬೂಟಿನೊಳಗೆ ತೂರಿಸಿಕೊಂಡಿರುವುದರಿಂದ ನೀರು ಮೇಲಿನಿಂದ ಇಳಿದಿರುತ್ತದೆ. ಮಳೆ ಪ್ಯಾಂಟಿನ ತುದಿ ಯಾವಾಗಲೂ ಬೂಟಿನ ಹೊರಗಿರಲಿ.

## ಹಂತ 9: ಮೊದಲ ವಾರಗಳು

ಹೊಸ ಬೂಟಿನಲ್ಲಿ ನೇರವಾಗಿ ದೂರದ ಪ್ರಯಾಣಕ್ಕೆ ಹೊರಡಬೇಡಿ. ಮೊದಲು ಮನೆಯೊಳಗೆ ದಿನಕ್ಕೊಂದು ಗಂಟೆ ಹಾಕಿಕೊಂಡು ಓಡಾಡಿ. ಅಟ್ಟೆಗೆ ಕೊಳೆ ತಾಗದಿರುವವರೆಗೆ ಬದಲಾಯಿಸಿಕೊಳ್ಳುವ ಅವಕಾಶವೂ ಉಳಿದಿರುತ್ತದೆ. ನಂತರ ಹತ್ತಿರದ ಸವಾರಿಗಳು, ಆಮೇಲೆ ದೂರದವು. ಒದ್ದೆಯಾದರೆ ಇನ್‌ಸೋಲ್ ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಹೀಟರಿನ ಮುಂದೆಯೋ ಸುಡುಬಿಸಿಲಿನಲ್ಲೋ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಸಡಿಲುತ್ತದೆ.

## ಬದಲಾಯಿಸಬೇಕೆಂದು ಹೇಳುವ ಗುರುತುಗಳು

ಹಳೆಯ ಜೋಡಿಯೊಂದನ್ನು ಕೆಲವು ವರ್ಷ ಕಪಾಟಿನಲ್ಲಿಟ್ಟು, ಅಟ್ಟೆಯ ನಕಾಶೆ ಇನ್ನೂ ಹೊಸದರಂತಿದೆಯಲ್ಲ ಎಂದು ಹಾಕಿಕೊಂಡು ಹೊರಟೆ. ಮೊದಲ ನಿಲುಗಡೆಯಲ್ಲಿ ಕಾಲೂರಿದಾಗ ಹಿಮ್ಮಡಿಯ ಭಾಗ ಹಳೆಯ ಗೋಡೆಯ ಗಾರೆಯಂತೆ ಪುಡಿಪುಡಿಯಾಗಿ ಉದುರಿತು. ಪಾಲಿಯುರೆಥೇನ್ ಅಟ್ಟೆ ಬಳಸದಿದ್ದರೂ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಆದ್ದರಿಂದ ಹಳೆಯ ದಾಸ್ತಾನಿನ ಅಥವಾ ಕೈಬದಲಾದ ಬೂಟು ಕೊಳ್ಳುವಾಗ ಒಳಗೆ ಮುದ್ರಿಸಿರುವ ತಯಾರಿಕೆಯ ದಿನಾಂಕ ನೋಡಿ, ಅಟ್ಟೆಯ ಅಂಚಿಗೆ ಉಗುರು ಒತ್ತಿ ಪುಡಿ ಏಳುತ್ತದೆಯೇ ಎಂದು ಪರೀಕ್ಷಿಸಿ.

ಪೆಗ್ ತಾಗುವ ಜಾಗದಲ್ಲಿ ಅಟ್ಟೆ ತಗ್ಗಾಗಿರುವುದು, ಅಟ್ಟೆಗೂ ಚರ್ಮಕ್ಕೂ ನಡುವೆ ಬಿರುಕು, ಅರ್ಧದಲ್ಲೇ ನಿಲ್ಲುವ ಜಿಪ್ಪು, ಧೂಳು ತುಂಬಿ ಹಿಡಿತ ಕಳೆದುಕೊಂಡ ವೆಲ್ಕ್ರೋ, ಸೈಲೆನ್ಸರಿಗೆ ತಾಗಿ ಕರಗಿದ ಭಾಗ, ಇವುಗಳಲ್ಲಿ ಜಿಪ್ಪನ್ನೂ ವೆಲ್ಕ್ರೋವನ್ನೂ ಚಮ್ಮಾರರು ಬದಲಿಸಿ ಕೊಡಬಲ್ಲರು. ಉಳಿದವು ಹೊಸ ಜೋಡಿಯನ್ನೇ ಕೇಳುತ್ತವೆ.

ಬಿದ್ದ ಮೇಲೆ ಬೂಟು ಹೊರಗಿನಿಂದ ಬರೀ ಗೀಚಿದಂತೆ ಕಂಡರೂ ಒಳಗಿನ ಕವಚ ಸೀಳಿರಬಹುದು. ಇನ್‌ಸೋಲ್ ತೆಗೆದು ಒಳಗೆ ಕೈ ಹಾಕಿ ಗಿಣ್ಣಿನ ಬಟ್ಟಲನ್ನೂ ಹಿಮ್ಮಡಿಯನ್ನೂ ಹೆಬ್ಬೆರಳಿನಿಂದ ಒಂದೊಂದೇ ಜಾಗದಲ್ಲಿ ಒತ್ತುತ್ತಾ ಬನ್ನಿ, ಪಕ್ಕದ ಬೂಟಿನ ಅದೇ ಜಾಗದೊಡನೆ ಹೋಲಿಸಿ. ಎಲ್ಲಾದರೂ ‘ಟಿಕ್’ ಎಂಬ ಸದ್ದು ಬಂದರೆ, ಅಥವಾ ಒಂದು ಬೂಟು ಇನ್ನೊಂದಕ್ಕಿಂತ ಸುಲಭವಾಗಿ ಒಳಕ್ಕೆ ತಗ್ಗಿದರೆ, ಆ ಜೋಡಿಯನ್ನು ಸವಾರಿಗೆ ಮತ್ತೆ ಬಳಸಬೇಡಿ. ಬೇರೆ ಯಾರಿಗೂ ಕೊಡಲೂಬೇಡಿ.